ಎರಡು ವಹಿಗಳ ನಡುವೆ ಒಂದು ಲಗ್ನ

ಹೋದ ತಿಂಗಳು ಅಫಜಲಪುರದಿಂದ ಬರುವಾಗ ಬಸ್ಸು ಚೌಡಾಪುರದಲ್ಲಿ ಕೆಟ್ಟು ನಿಂತಿತು. ಡ್ರೈವರ್ ಕೆಳಗಿಳಿದು ಎಂಜಿನ್ನಿನ ಜೊತೆ ಜಗಳಕ್ಕೆ ಬಿದ್ದ. ನಾನು ರಸ್ತೆ ಪಕ್ಕದ ಖಾನಾವಳಿಯ ಬೆಂಚಿನ ಮೇಲೆ ಕುಳಿತೆ. ಒಳಗೆ ಯಾರೋ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು ನೋಡಿ, ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಹಲ್ಲು ಉದುರಿದ ಈ ಮುದುಕ ಇಪ್ಪತ್ತರ ಪ್ರಾಯದವನಾಗಿಬಿಟ್ಟ. ಇದೇ ಚೌಡಾಪುರದಿಂದ ಎರಡು ಹರದಾರಿ ಆಚೆ, ಭೀಮಾ ದಂಡೆಯ ಒಂದು ಊರಿನಲ್ಲಿ ನಾನು ಒಂದು ಹಿಂಗಾರು ಮಳೆಗಾಲ ಕಳೆದಿದ್ದೆ. ಸುಮಾರು ಒಂದೂವರೆ ತಿಂಗಳು, ದಿನಕ್ಕೆ ಎರಡು ಹೊತ್ತು, ಪುಂಡಿಪಲ್ಯ ಮತ್ತು ಬಿಳಿಜೋಳದ ರೊಟ್ಟಿ ತಿಂದಿದ್ದೆ. ತಿಂದ ಮನೆಗೇ ಒಂದು ದೊಡ್ಡ ಎಡವಟ್ಟು ಮಾಡಿಟ್ಟಿದ್ದೆ. ಅದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಹೇಳುತ್ತೇನೆ, ನಗುವವರು ನಗಲಿ.

ಆಗ ದೊಡ್ಡ ಯುದ್ಧ ನಡೆದಿತ್ತು. ನಮ್ಮ ಕಡೆ ನಿಜಾಮರ ಆಳಿಕೆ. ನಾನು ಆಳಂದದ ಬಟ್ಟೆ ಅಂಗಡಿಯವನ ಮಗ, ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದೆ. ಪಾಠವೆಲ್ಲ ಉರ್ದುವಿನಲ್ಲಿ. ಎಲ್ಲರೂ ಇತಿಹಾಸ ತೆಗೆದುಕೊಂಡರೆ ನಾನು ಎರಡು ಹೊಸ ವಿಷಯಗಳನ್ನು ಒಟ್ಟಿಗೆ ತೆಗೆದುಕೊಂಡೆ: ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರ. ಒಂದಕ್ಕೆ ಅಲ್ಲಿ ಇಮ್ರಾನಿಯಾತ್ ಎನ್ನುತ್ತಿದ್ದರು, ಇನ್ನೊಂದಕ್ಕೆ ಬಶ್ರಿಯಾತ್. ಹೆಸರು ಕೇಳಿಯೇ ಮರುಳಾಗಿದ್ದೆ. ರಜೆಯಲ್ಲಿ ಊರಿಗೆ ಬಂದಾಗ ಅಪ್ಪ ಗಜಕೋಲು ಕೆಳಗಿಟ್ಟು ಕೇಳಿದರು.

“ಅದೇನದು, ಏನ್ ಓದಾಕತ್ತೀ?”

“ಮಂದಿ ಹ್ಯಾಂಗ ಬದುಕ್ತಾರ, ಯಾರಿಗಿ ಯಾರು ಏನಾಗ್ಬೇಕು ಅನ್ನೋದ್ರಿ ಅಪ್ಪಾ.”

“ಅದನ್ನ ಓದ್ಲಾಕ ಹೈದರಾಬಾದಿಗಿ ಹೋಗ್ಬೇಕೇನಲೇ? ನಮ್ಮ ಅಂಗಡಿ ಕಟ್ಟಿ ಮ್ಯಾಲ ಕುಂತ್ರ ಎಲ್ಲಾ ಕಾಣ್ತದ. ಮದುವಿ ಸೀರಿ ತಗೋಳ್ಳಾಕ ಯಾರ ಜೋಡಿ ಯಾರು ಬಂದ್ರು ಅನ್ನೋದ್ರಾಗ ನಿನ್ನ ಬಿ.ಎ. ಎಲ್ಲಾ ಮುಗೀತದ.”

ಅಪ್ಪ ಹೇಳಿದ್ದು ಅರ್ಧ ಖರೆ ಎಂದು ಆಮೇಲೆ ಗೊತ್ತಾಯಿತು. ಪೂರ್ತಿ ಖರೆ ಎಂದು ಇನ್ನೂ ಆಮೇಲೆ ಗೊತ್ತಾಯಿತು.

ನಮಗೆ ಇಬ್ಬರು ಗುರುಗಳು. ಸಮಾಜಶಾಸ್ತ್ರದವರು ಸಣಕಲು ಆಳು, ಇಸ್ತ್ರಿ ಮಾಡಿದ ಶೇರವಾನಿ, ಗೆರೆ ಎಳೆದಂತೆ ಮಾತು. “ಮನೆ ಎಣಿಸು. ಎಣಿಸದೆ ಬಾಯಿ ತೆರೆಯಬೇಡ” ಎನ್ನುವರು. ಮಾನವಶಾಸ್ತ್ರದವರು ದಪ್ಪನೆಯ ಮನುಷ್ಯ, ಕೋಟಿನ ಗುಂಡಿ ಯಾವತ್ತೂ ಹಾಕಿದ್ದಿಲ್ಲ. “ಮನೆ ಏನು ಹೇಳುತ್ತದೆ? ಮನುಷ್ಯನನ್ನು ನೋಡು, ಅವನ ಅಜ್ಜನನ್ನು ಕೇಳು” ಎನ್ನುವರು. ಇಬ್ಬರೂ ಒಂದೇ ಕೆಟಲಿನ ಚಹಾ ಕುಡಿಯುತ್ತಿದ್ದರು. ಒಂದೇ ಮಾತಿಗೆ ಒಮ್ಮೆಯೂ ಬಂದದ್ದನ್ನು ನಾನು ಕಾಣೆ. ಕೊನೆಯ ವರ್ಷ ಒಂದು ಹಳ್ಳಿಗೆ ಹೋಗಿ ಎರಡೂ ವಿಷಯಗಳ ಕೆಲಸ ಮಾಡಿಕೊಂಡು ಬಾ ಎಂದು ಕಳಿಸಿದರು. ಒಬ್ಬರು ಕೆಂಪು ವಹಿ ಕೊಟ್ಟರು: ಮನೆಗೊಂದು ಪುಟ, ಪುಟದ ತುಂಬ ಅಚ್ಚು ಹಾಕಿದ ಖಾನೆಗಳು, ತುಂಬಿದರಾಯಿತು. ಇನ್ನೊಬ್ಬರು ಕಪ್ಪು ವಹಿ ಕೊಟ್ಟರು: ಬರೀ ಖಾಲಿ ಹಾಳೆ, ಕಂಡದ್ದು ಕೇಳಿದ್ದು ಬರೆಯಬೇಕು. ಜೊತೆಗೆ ತಲೆ ಅಳೆಯುವ ಒಂದು ಉಕ್ಕಿನ ಚಿಮಟ. ಸ್ವಂತ ಊರಿನಲ್ಲಿ ಮಾಡುವಂತಿಲ್ಲ ಎಂಬುದು ನಿಯಮ. ಹೀಗಾಗಿ ಗಾಣಗಾಪುರ ರೋಡಿನಲ್ಲಿ ರೈಲು ಇಳಿದು, ಬಂಡಿ ಹತ್ತಿ, ಆ ಊರಿಗೆ ಬಂದೆ. ಊರ ಗೌಡರು ನನ್ನ ಕಾಲೇಜಿನ ಚೀಟಿ, ವಹಿಗಳ ಮೇಲೆ ಒತ್ತಿದ್ದ ಸರಕಾರಿ ಸಿಕ್ಕಾ ನೋಡಿ ಎದ್ದು ನಿಂತು, ಮಲ್ಲಪ್ಪನ ಮನೆಯಲ್ಲಿ ನನ್ನನ್ನು ಇಳಿಸಿದರು.

ಮಲ್ಲಪ್ಪ ನಲವತ್ತೈದರ ಗಟ್ಟಿ ಒಕ್ಕಲಿಗ, ಮಾತು ಮಾತ್ರ ಕಡಿಮೆ. ಹೆಂಡತಿ ಗಂಗವ್ವ ಅವನ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಗಂಗವ್ವನ ತಾಯಿ ಮನೆಯ ಹಿರಿಯಳು, ಎಲ್ಲರಿಗೂ ಆಯಿ. ಮಗಳು ನೀಲವ್ವ, ಹದಿನೇಳು ದಾಟಿದವಳು. ಅವಳಿಗೆ ಜೇವರ್ಗಿ ಕಡೆಯ ಒಬ್ಬ ಹುಡುಗ ಗೊತ್ತಾಗಿದ್ದ. ಗಾಣಗಾಪುರದಲ್ಲಿ ಒಮ್ಮೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರಂತೆ. ದೀಪಾವಳಿ ಪಾಡ್ಯಕ್ಕೆ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದು, ಚಳಿಗಾಲದಲ್ಲಿ ಲಗ್ನ ಎಂದು ಆಗಿತ್ತು. ಯಾರಾದರೂ ಜೇವರ್ಗಿ ಎಂದರೆ ಸಾಕು, ಒಳಗೆ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು.

ಮೊದಲ ವಾರ ನನ್ನ ಚಿಮಟ ಊರನ್ನೇ ಓಡಿಸಿತು. ಲಡಾಯಿಗೆ ಸಿಪಾಯಿಗಳನ್ನು ಹಿಡಿಯಲು ಬಂದಿದ್ದಾನೆ, ತಲೆ ಅಳೆದು ಲೋಹದ ಟೊಪ್ಪಿಗೆ ಹಾಕುತ್ತಾರೆ ಎಂದು ಯಾರೋ ಹಬ್ಬಿಸಿದರು. ನಾನು ಓಣಿಯಲ್ಲಿ ಕಾಲಿಟ್ಟರೆ ಗಂಡಸರೆಲ್ಲ ಹಿತ್ತಲಿನಿಂದ ಹೊಲಕ್ಕೆ. ಕೊನೆಗೆ ಮಲ್ಲಪ್ಪನೇ ಚಾವಡಿ ಮುಂದೆ ಕುಳಿತು ರುಮಾಲು ಬಿಚ್ಚಿದ. “ಅಳೀರಿ ಮಾಸ್ತರ. ಒಳಗ ಬುದ್ಧಿ ಅದನೋ ಇಲ್ಲೋ ಇವತ್ತ ನಕ್ಕಿ ಆಗ್ಲಿ.” ಅಳೆದೆ. ಅವನಿಗೆ ಏನೂ ಆಗಲಿಲ್ಲ. ಮರುದಿನ ಸಾಲು ಹಚ್ಚಿ ಕುಳಿತರು. ಒಬ್ಬೊಬ್ಬರಿಗೂ ತನ್ನ ತಲೆ ಪಕ್ಕದ ಮನೆಯವನ ತಲೆಗಿಂತ ದೊಡ್ಡದೆಂದು ತಿಳಿಯಬೇಕಾಗಿತ್ತು. ಆಯಿಯಂತೂ ತಾನಾಗಿ ಬಂದು ತಲೆ ಬಗ್ಗಿಸಿದಳು: “ಹೇನು ಎಷ್ಟ ಅವ ಅದನ್ನೂ ಬರ್ಕೋಪಾ, ಏನೂ ಬಿಡಬ್ಯಾಡ.”

ಕೆಂಪು ವಹಿಯ ಕಷ್ಟ ಬೇರೆ. ಉತ್ತರಿ ಮಳೆ ಬಿದ್ದು ಎರೆಹೊಲ ಹದಕ್ಕೆ ಬಂದಿತ್ತು, ಗಂಡಸರು ಕೂರಿಗೆ ಹೂಡಿ ಬಿತ್ತುವುದಕ್ಕೆ ಹೋದರೆ ಮನೆಯಲ್ಲಿ ಹೆಂಗಸರೇ. ನನ್ನ ಮೊದಲ ಖಾನೆಯೇ ಮನೆಯ ಯಜಮಾನನ ಹೆಸರು. ಯಾವ ಹೆಂಗಸು ಗಂಡನ ಹೆಸರು ಹೇಳುತ್ತಾಳೆ? ಸೆರಗು ಬಾಯಿಗಿಟ್ಟುಕೊಂಡು ನಗುವುದು, ಪಕ್ಕದ ಮನೆಯವಳನ್ನು ತೋರಿಸುವುದು, ಅವಳು ಇವಳನ್ನು ತೋರಿಸುವುದು. ಒಂದು ಮಧ್ಯಾಹ್ನ ಮೂರು ತಾಸು ತಿರುಗಿ ಒಂದೂ ಹೆಸರಿಲ್ಲದೆ ಬಂದು ಪಡಸಾಲೆಯಲ್ಲಿ ಮುಖ ಹಾಕಿಕೊಂಡು ಕುಳಿತಾಗ ಗಂಗವ್ವ ಹೇಳಿದಳು, “ಬರೀ ಹೆಸರ ಹೇಳು ಅಂದ್ರ ಯಾರ ಹೇಳ್ತಾರ್ರಿ ಮಾಸ್ತರ? ಒಡಪ ಹಾಕ್ರಿ ಅನ್ರಿ, ಆಗ ನೋಡ್ರಿ ಮಜಾ.” ಒಡಪು ಕಟ್ಟಿ ಅದರೊಳಗೆ ಹೆಸರು ಕೂಡಿಸಿದರೆ ದೋಷವಿಲ್ಲ. ಅದು ನಮ್ಮ ಆಳಂದದಲ್ಲೂ ಇತ್ತು, ನನ್ನ ಅವ್ವನೂ ಹಾಕುತ್ತಿದ್ದಳು. ಹೈದರಾಬಾದಿಗೆ ಹೋಗಿ ನಾನು ಮರೆತಿದ್ದೆ. ಮರುದಿನ ಗಂಗವ್ವನೇ ಮೊದಲು ಸುರು ಮಾಡಿದಳು:

“ಎರಿ ಹೊಲದಾಗ ಎಳ್ಳಿನ ಹೂವು, ಬದುವಿನ ತುಂಬ ಹುಲ್ಲು,
ಮಲ್ಲಪ್ಪನವರು ಮನಿಗಿ ಬಂದರ ಮಾತು ಮಾತ್ರ ಇಲ್ಲ.”

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ನನ್ನ ಕೈ ಬರೆದು ಸಾಕಾಗುವಷ್ಟು ಒಡಪು. ಕಾಲೇಜಿನ ಅಚ್ಚಿನ ಖಾನೆಗಳು ಹೀಗೆ ಹಾಡಿನಿಂದ ತುಂಬಿದವು. ನನಗೆ ಹಿಗ್ಗೋ ಹಿಗ್ಗು. ಹಿಗ್ಗಿದವನು ಎಡವಲೇಬೇಕಲ್ಲ.

ಮೂರನೆಯ ಖಾನೆಯಲ್ಲಿ ಹೀಗೆ ಅಚ್ಚಾಗಿತ್ತು: ಮನೆಯ ಬೆಡಗು. ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಕುಲದೊಳಗೆ ಹಲವು ಬೆಡಗು ಇರುತ್ತವೆ. ಬೆಡಗು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬೆಡಗಿನವರೆಲ್ಲ ಅಣ್ಣತಮ್ಮ, ಅಕ್ಕತಂಗಿ ಇದ್ದ ಹಾಗೆ. ಅವರ ನಡುವೆ ಲಗ್ನ ಎಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ತಾಯಿಯ ತವರಿನ ಬೆಡಗಿಗೆ ಕೊಡುವುದು ಮಾತ್ರ ತಪ್ಪಲ್ಲ, ಬಲು ಚಲೋ. ಮಲ್ಲಪ್ಪನ ಮನೆಯ ಪುಟ ತುಂಬುವಾಗ ಅವನು ಹೊಲದಲ್ಲಿದ್ದ. ಹೊಸ್ತಿಲಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದ ಆಯಿಯನ್ನು ಕೇಳಿದೆ, “ಆಯಿ, ಈ ಮನಿ ಬೆಡಗ ಯಾವುದು?”

“ಜೀರಿಗಿ,” ಅಂದಳು ಆಯಿ. “ನಮ್ಮ ಮಾವನ ಅಜ್ಜನ ಕಾಲದಿಂದ ಇದು ಜೀರಿಗ್ಯಾರ ಮನಿ.”

ಜೀರಿಗೆ ಎಂದು ಬರೆದೆ. ನಾನು ಕೇಳಿದ್ದು ಮನೆಯ ಬೆಡಗು, ಅವಳು ಹೇಳಿದ್ದು ಮನೆಯ ಬೆಡಗು. ಮಲ್ಲಪ್ಪ ಆ ಮನೆಗೆ ಬಂದ ಮನೆಯಳಿಯ, ಮನೆ ಆಯಿಯ ಗಂಡನದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಊರವರೂ ಅವನಿಗೆ ಜೀರಿಗಿ ಮಲ್ಲಪ್ಪ ಎಂದೇ ಕರೆಯುತ್ತಿದ್ದರು.

ಅದೇ ವಾರ ಅವನ ಜೊತೆ ಹೊಲಕ್ಕೆ ಹೋಗಿದ್ದೆ. ಮಳೆ ನಿಂತು ಹದವಾದ ಬಿಸಿಲು ಬಿದ್ದಿತ್ತು, ಕಪ್ಪು ಮಣ್ಣು ಕಾಲಿಗೆ ಮೆತ್ತಿ ಒಂದೊಂದು ಹೆಜ್ಜೆಯೂ ಎರಡು ಸೇರು ತೂಗುತ್ತಿತ್ತು. ಅವನು ಬದುವಿನ ಗಿಡಗಂಟಿ ಕಡಿಯುತ್ತಾ ಬಂದವನು ಒಂದು ಎಕ್ಕೆಗಿಡದ ಮುಂದೆ ನಿಂತ. ಕುಡಗೋಲು ಬಗಲಿಗೆ ಸಿಕ್ಕಿಸಿ, ಕೈಮುಗಿದು, ಸುತ್ತು ಹಾಕಿಕೊಂಡು ಮುಂದೆ ಹೋದ. ಯಾಕೆ ಎಂದು ಕೇಳಿದೆ. “ಹಿಂಗ,” ಅಂದ. ನಾನು ಕಪ್ಪು ವಹಿಯಲ್ಲಿ ಬರೆದೆ: ಮಲ್ಲಪ್ಪ ಎಕ್ಕೆಗಿಡ ಕಡಿಯುವುದಿಲ್ಲ, ಕೈ ಮುಗಿಯುತ್ತಾನೆ. ಬರೆದು ವಹಿ ಮುಚ್ಚಿದೆ. ಕೆಂಪು ವಹಿ ಒಂದು ಚೀಲದಲ್ಲಿ, ಕಪ್ಪು ವಹಿ ಇನ್ನೊಂದು ಚೀಲದಲ್ಲಿ.

ಮಹಾನವಮಿಗೆ ಮುಂಚಿನ ಅಮಾವಾಸ್ಯೆ ಬಂತು. ಅಮಾವಾಸ್ಯೆ ದಿನ ಎತ್ತು ಹೂಡುವುದಿಲ್ಲ, ಹೀಗಾಗಿ ಊರೆಲ್ಲ ಚಾವಡಿಯಲ್ಲಿ. ಜೇವರ್ಗಿಯಿಂದ ಹುಡುಗನ ಕಾಕಾ ಶಿವಣ್ಣ ಅದೇ ದಿನ ಬಂದಿದ್ದರು, ಅಮಾವಾಸ್ಯೆ ಕಳೆದ ಮೇಲೆ ಲಗ್ನದ ತಿಥಿ ಮಾತಾಡುವುದಕ್ಕೆ. ಬಿಳಿ ಮೀಸೆಯ, ತೂಕದ ಮನುಷ್ಯ. ಹುಡುಗನಿಗೆ ತಂದೆ ಇಲ್ಲ, ಮನೆಯ ಹಿರಿತನ ಅವರದೇ. ನನ್ನನ್ನು ಕಂಡು, “ಏನ್ ಬರಿಯಾಕತ್ತೀರಿ ಮಾಸ್ತರ?” ಎಂದು ಕೇಳಿದರು. ಕೇಳಿದ್ದೇ ಸಾಕು. ಕೆಂಪು ವಹಿ ತೆಗೆದು, ಗಂಟಲು ಸರಿಮಾಡಿಕೊಂಡು, ಮನೆಯ ಮೇಲೆ ಮನೆ ಓದತೊಡಗಿದೆ. ತಮ್ಮ ತಮ್ಮ ಹೆಸರು ಬಂದಾಗ ಮಂದಿ ಹಿಗ್ಗುವರು. ಹುರುಪಿನಲ್ಲಿ ಓದಿದೆ: “ಮಲ್ಲಪ್ಪ. ಎತ್ತು ನಾಕು, ಎಮ್ಮೆ ಒಂದು. ಬೆಡಗು ಜೀರಿಗೆ.”

ಶಿವಣ್ಣ ತಂಬಾಕು ತಿಕ್ಕುತ್ತಿದ್ದ ಕೈ ನಿಲ್ಲಿಸಿದರು. “ಮತ್ತೊಮ್ಮೆ ಓದ್ರಿ.”

ನಾನು ಮೂರ್ಖ, ಇನ್ನೂ ಗಟ್ಟಿಯಾಗಿ ಓದಿದೆ.

“ನಾವೂ ಜೀರಿಗಿ,” ಅಂದರು ಶಿವಣ್ಣ. “ನಮಗ ಎಕ್ಕಿ ಬೆಡಗ ಅಂತ ಹೇಳಿದ್ರಲ್ಲ, ಮಲ್ಲಪ್ಪ?”

ಎಲ್ಲರೂ ಮಲ್ಲಪ್ಪನ ಕಡೆ ನೋಡಿದರು. ನಾನೂ ನೋಡಿದೆ. ಅವನು ಏನಾದರೂ ಅನ್ನಬಹುದಾಗಿತ್ತು. ನೆಲ ನೋಡುತ್ತಾ ಕುಳಿತ. ಗೌಡರು ಏನೋ ಸಮಜಾಯಿಷಿ ಹೇಳಲು ಹೋದರು. ಶಿವಣ್ಣ ಎದ್ದು ಕೊಡವಿಕೊಂಡರು. “ಸಿಕ್ಕಾ ಇದ್ದ ಕಾಗದದಾಗ ಸುಳ್ಳ ಬರೀತಾರೇನ್ರಿ? ಅಣ್ಣತಂಗಿಗಿ ಗಂಟ ಹಾಕಿದ ಪಾಪ ನಮ್ಮ ತಲಿ ಮ್ಯಾಲ ಬರ್ತಿತ್ತು. ನಿಮಗ ಪುಣ್ಯ ಬರ್ಲಿ, ಮಾಸ್ತರ.” ನೀರನ್ನೂ ಕುಡಿಯದೆ ಹೊಳೆಯ ಕಡೆ ನಡೆದುಬಿಟ್ಟರು. ನನ್ನ ಜೀವಮಾನದಲ್ಲಿ ಯಾರೂ ಹಾಗೆ ಆಶೀರ್ವಾದ ಮಾಡಿ ನನ್ನ ಹೊಟ್ಟೆಗೆ ಚೂರಿ ಹಾಕಿಲ್ಲ.

ಮನೆಗೆ ಬಂದರೆ ಒಲೆ ಹಚ್ಚಿರಲಿಲ್ಲ. ನೀಲವ್ವ ನನ್ನ ಮುಂದೆ ಮುಖ ಎತ್ತಿ ಮಾತಾಡಿದ್ದು ಅದೇ ಮೊದಲು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿ. “ಅಣ್ಣಾರ, ನಮ್ಮ ಮನಿ ರೊಟ್ಟಿ ತಿಂದೀರಿ. ನೀವ್ ಬರ್ದದ್ದು ನೀವೇ ಅಳಸ್ರಿ. ನಾ ಬ್ಯಾರೆ ಯಾರನ್ನೂ ಒಲ್ಲೆ.” ಅಷ್ಟು ಹೇಳಿ ಒಳಗೆ ಹೋದಳು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಪಡಸಾಲೆಯಲ್ಲಿ ಎರಡೂ ವಹಿಗಳನ್ನು ಮೊದಲ ಸಲ ಅಕ್ಕಪಕ್ಕ ಇಟ್ಟು ತೆರೆದೆ. ಕೆಂಪಿನಲ್ಲಿ ಜೀರಿಗೆ. ಕಪ್ಪಿನಲ್ಲಿ ಎಕ್ಕೆಗಿಡಕ್ಕೆ ಕೈ ಮುಗಿದ ಮನುಷ್ಯ. ತನ್ನ ಬೆಡಗಿನ ಗಿಡವನ್ನು ಯಾರೂ ಕಡಿಯುವುದಿಲ್ಲ ಎಂದು ದಪ್ಪ ಗುರುಗಳು ಒಂದು ವರ್ಷ ಪಾಠ ಹೇಳಿದ್ದರು. ನಾನು ಪರೀಕ್ಷೆಯಲ್ಲಿ ಅದನ್ನು ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಕಣ್ಣೆದುರಿಗೆ ಕಂಡಾಗ ಗುರುತು ಸಿಗಲಿಲ್ಲ. ಮನೆ ಎಣಿಸಿದ್ದೆ, ಮನುಷ್ಯನನ್ನೂ ನೋಡಿದ್ದೆ. ಒಂದರ ಪಕ್ಕ ಒಂದು ಇಡುವ ಬುದ್ಧಿ ಇರಲಿಲ್ಲ. ಮನೆ ಜೀರಿಗೆಯದು, ಮಲ್ಲಪ್ಪ ಎಕ್ಕೆ. ನೀಲವ್ವ ಎಕ್ಕೆಯವನ ಮಗಳು. ಹುಡುಗ ಅವಳ ತಾಯಿಯ ತವರಿನ ಬೆಡಗಿನವನು. ಇದಕ್ಕಿಂತ ಚಲೋ ಜೋಡಿ ಎಲ್ಲಿ ಸಿಗಬೇಕು!

ಓಡಿ ಹೋಗಿ ಮಲ್ಲಪ್ಪನನ್ನು ಕೊಟ್ಟಿಗೆಯಲ್ಲಿ ಹಿಡಿದೆ. “ಕಾಕಾ, ನೀವು ಎಕ್ಕಿ ಬೆಡಗಿನವ್ರು. ಚಾವಡ್ಯಾಗ ಯಾಕ ಸುಮ್ಮ ಕುಂತ್ರಿ?”

ಎತ್ತಿನ ಬೆನ್ನು ತಿಕ್ಕುತ್ತಲೇ ಹೇಳಿದ. ಅವನದು ಆಳಂದ ತಾಲೂಕು, ಜಿಡಗಾದ ಹತ್ತಿರದ ಒಂದು ಹಳ್ಳಿ. ಅಣ್ಣ ಸಿದ್ದಪ್ಪನೇ ತಂದೆಯಂತೆ ಸಾಕಿದ್ದ. ಗಂಗವ್ವನಿಗೆ ಅಣ್ಣತಮ್ಮ ಇಲ್ಲದ್ದರಿಂದ ಮಲ್ಲಪ್ಪ ಮನೆಯಳಿಯನಾಗಿ ಇಲ್ಲಿಗೆ ಬರಲು ಒಪ್ಪಿದಾಗ ಅಣ್ಣ ಊರ ಮುಂದೆ ಸಿಡಿದಿದ್ದ. “ಹೆಂಡ್ತಿ ಮನಿ ಕೂಳಿಗಿ ಹೋಗಾಂವ ನಮ್ಮ ಬೆಡಗಿನವ ಅಲ್ಲ ಅಂದ, ಮಾಸ್ತರ. ಇಪ್ಪತ್ತ ವರ್ಷ ಆತು. ನಾ ಆ ಕಡಿ ಹೋಗಿಲ್ಲ, ಅಂವ ಈ ಕಡಿ ಬಂದಿಲ್ಲ. ಅಂವನೇ ಅಲ್ಲ ಅಂದ ಮ್ಯಾಲ ನಾ ನಾಕ ಮಂದ್ಯಾಗ ಯಾವ ಬಾಯಿಲೆ ಎಕ್ಕಿ ಅನ್ಲಿ?”

ಮರುದಿನವೇ ನಾನು ಹರಿಗೋಲು ಹತ್ತಿ ಭೀಮಾ ದಾಟಿದೆ. ಹಸ್ತ ಮಳೆಗೆ ಹೊಳೆ ಕೆಂಪಾಗಿ ತುಂಬಿತ್ತು. ಹರಿಗೋಲು ಬುಗುರಿಯ ಹಾಗೆ ತಿರುಗಿತು, ಅಂಬಿಗ ಹಾಡುತ್ತಿದ್ದ, ನಾನು ಮನೆದೇವರಿಗೆ ಹರಕೆ ಹೊರುತ್ತಿದ್ದೆ. ಆಚೆ ದಂಡೆಯಿಂದ ಬಂಡಿಯಲ್ಲಿ ಒಂದೂವರೆ ದಿನ, ಮೈಯೆಲ್ಲ ಹಣ್ಣುಗಾಯಿ. ಜೇವರ್ಗಿಯಲ್ಲಿ ಶಿವಣ್ಣನ ಮುಂದೆ ಎರಡೂ ವಹಿ ಬಿಚ್ಚಿ, ನನ್ನ ತಪ್ಪು ಒಪ್ಪಿಕೊಂಡು, ಸಣ್ಣ ಭಾಷಣವನ್ನೇ ಮಾಡಿದೆ. ಅವರು ತಾಳ್ಮೆಯಿಂದ ಕೇಳಿದರು.

“ನೋಡ್ರಿ ಮಾಸ್ತರ, ಮೊನ್ನಿ ಕಾಗದ ಜೀರಿಗಿ ಅಂತು, ಇವತ್ತ ಎಕ್ಕಿ ಅನ್ತದ. ನಾಳಿ ಏನ್ ಅನ್ತದೋ ಯಾರಿಗೊತ್ತು? ಕಾಗದಕ್ಕ ನಾಲಿಗಿ ಇಲ್ಲ. ಮಲ್ಲಪ್ಪನ ಹುಟ್ಟಿದ ಮನಿಯವ್ರು ಒಬ್ಬರ ಬಂದು, ನಮ್ಮ ನಾಕ ಮಂದಿ ಎದುರಿಗಿ ಕುಂತು, ಇಂವ ನಮ್ಮವ ಅನ್ಲಿ. ಪಾಡ್ಯದ ತನಕ ಹಾದಿ ನೋಡ್ತೇವಿ. ಅಫಜಲಪುರದ ಒಂದು ಕನ್ಯಾ ಬಂದದ, ಅವ್ರಿಗಿ ಜವಾಬ ಕೊಡ್ಬೇಕು.” ಹೊರಡುವಾಗ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗನನ್ನು ನೋಡಿದೆ. ಅವನ ಮುಖ ನೋಡಿದರೆ ಅಫಜಲಪುರದ ಕನ್ಯೆಯ ಮೇಲೆ ಅವನಿಗೆ ಏನೂ ಆಸೆ ಇರಲಿಲ್ಲ.

ಮಲ್ಲಪ್ಪನಿಗೆ ಹೇಳಿದರೆ, “ಸತ್ರೂ ಹೋಗಂಗಿಲ್ಲ” ಎಂದು ಕಲ್ಲಿನಂತೆ ಕುಳಿತ. ಗೌಡರು ಹೇಳಿದರು, ಆಯಿ ಬೈದಳು, ನಾನು ಕಾಲು ಹಿಡಿಯುವುದೊಂದು ಬಾಕಿ. ಎರಡು ದಿನ ಹೀಗೇ ಹೋಯಿತು. ಮೂರನೆಯ ಬೆಳಗ್ಗೆ ಗಂಗವ್ವ ರೊಟ್ಟಿಯ ಬುತ್ತಿ ಕಟ್ಟಿ ತಂದು ಅವನ ಮುಂದೆ ಇಟ್ಟಳು. “ಮಗಳಿಗಿ ಕೊಡ್ಲಾಕ ಬಂಗಾರಿಲ್ಲ ನಮ್ಮ ಕಡಿ. ನಿಮ್ಮ ಸಿಟ್ಟರ ಕೊಟ್ಟ ಕಳಿಸ್ತೀರೇನು? ಜೀವನ ಪೂರಾ ಹೊತ್ಕೊಂಡ ತಿರಗ್ಲಿ.” ಮಲ್ಲಪ್ಪ ಬುತ್ತಿಯನ್ನು ನೋಡಿದ, ಒಳಬಾಗಿಲಿನ ಕಡೆ ನೋಡಿದ, ಎದ್ದು ಬಂಡಿ ಹೂಡಿದ.

ದಾರಿಯುದ್ದಕ್ಕೂ ಅವನು ಆಡಿದ್ದು ಎತ್ತುಗಳ ಜೊತೆ ಮಾತ್ರ. ತೊಗರಿ ಹೂ ಬಿಟ್ಟು ಹೊಲಗಳೆಲ್ಲ ಹಳದಿಯಾಗಿದ್ದವು. ಹಳ್ಳಿ ಹತ್ತಿರ ಬಂದಂತೆ ಅವನು ರುಮಾಲನ್ನು ಮೂರು ಸಲ ಬಿಚ್ಚಿ ಸುತ್ತಿದ. ಸಿದ್ದಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ತಮ್ಮನದೇ ಮೂಗು, ಅದೇ ಹುಬ್ಬು, ಚಿಮಟ ಹಿಡಿಯುವ ಅಗತ್ಯವೇ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮುಖ ಬೇರೆ ಕಡೆ ತಿರುಗಿಸಿದರು. ಮಾತೆಲ್ಲ ನಾನೇ ಆಡಬೇಕಾಯಿತು. ಹುಡುಗಿ, ಹುಡುಗ, ಬೆಡಗು, ಪಾಡ್ಯ, ಎಲ್ಲ ಹೇಳಿದೆ. ಸಿದ್ದಪ್ಪ ಹಗ್ಗದಿಂದ ಕಣ್ಣೆತ್ತದೆ ಒಂದೇ ಮಾತು ಕೇಳಿದ: “ಹುಡುಗಿ ಹೆಸರ ಏನು?”

“ನೀಲವ್ವ.”

ಅವನ ಕೈ ನಿಂತಿತು. ನೀಲವ್ವ ಅವರಿಬ್ಬರ ತಾಯಿಯ ಹೆಸರು ಎಂದು ನನಗೆ ಆಮೇಲೆ ತಿಳಿಯಿತು. ಹಗ್ಗವನ್ನು ಮತ್ತೆ ಹೊಸೆಯುತ್ತಾ, “ಹೋಗ್ರಿ. ನೋಡ್ತೇನಿ,” ಅಂದ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ನಮಗೆ ಬೆಲ್ಲ ನೀರು ಮಾತ್ರ ಕೊಟ್ಟರು.

ಪರೀಕ್ಷೆಯ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಮುಂದಿನದರ ನಡುವೆ ಅದು ಬೇಡ. ಪಾಸಾದೆ. ಕೆಂಪು ವಹಿಯ ಆ ಪುಟದಲ್ಲಿ ನಾನು ಒಂದೇ ಖಾನೆಯಲ್ಲಿ ಎರಡು ಬೆಡಗು ಬರೆದದ್ದನ್ನು ಕಂಡು ಸಣಕಲು ಗುರುಗಳು, ಖಾನೆ ಇರುವುದು ಒಂದಕ್ಕೆ ಎಂದು ಹುಬ್ಬು ಗಂಟಿಕ್ಕಿದರು. ನಡೆದದ್ದು ಹೇಳಿದೆ. ಅವರು ಪಕ್ಕದ ಕೋಣೆಯಿಂದ ದಪ್ಪ ಗುರುಗಳನ್ನು ಕರೆಸಿ, ಇನ್ನೊಮ್ಮೆ ಮೊದಲಿಂದ ಹೇಳು ಎಂದರು. ಮುಂದಿನ ವರ್ಷ ಅಚ್ಚಾದ ವಹಿಯಲ್ಲಿ ಆ ಖಾನೆ ಎರಡಾಗಿತ್ತು. ಶಾಸ್ತ್ರಕ್ಕೆ ನಾನು ಕೊಟ್ಟ ಕಾಣಿಕೆ ಅಷ್ಟೇ, ಒಂದು ಗೆರೆ.

ಪಾಡ್ಯದ ಬೆಳಗ್ಗೆ ನಾವು ಜೇವರ್ಗಿಯಲ್ಲಿದ್ದೆವು: ಮಲ್ಲಪ್ಪ, ಗೌಡರು, ನಾನು. ಶಿವಣ್ಣನ ಪಡಸಾಲೆಯಲ್ಲಿ ಕಂಬಳಿ ಹಾಸಿ ಹತ್ತು ಹನ್ನೆರಡು ಹಿರಿಯರು ಕುಳಿತಿದ್ದರು. ಅಫಜಲಪುರದ ಕಡೆಯವನೊಬ್ಬ ಮೂಲೆಯಲ್ಲಿ ಜವಾಬಿಗೆ ಕಾದು ಕುಳಿತಿದ್ದ, ಅವನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬಿಸಿಲೇರಿತು. ಸಿದ್ದಪ್ಪ ಬರಲಿಲ್ಲ. ಮಲ್ಲಪ್ಪ ಹೊಸ್ತಿಲ ಹತ್ತಿರ ನಿಂತೇ ಇದ್ದ, ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಿವಣ್ಣ ನಿಟ್ಟುಸಿರು ಬಿಟ್ಟು, “ಗೌಡ್ರ, ಇನ್ನ ಎಷ್ಟ ಹೊತ್ತ ನೋಡೋಣ್ರಿ?” ಎಂದರು.

ಹೊರಗೆ ಬಂಡಿ ನಿಂತ ಸದ್ದಾಯಿತು. ಸೊಂಟದ ತನಕ ಕೆಸರು ಮೆತ್ತಿಕೊಂಡು ಸಿದ್ದಪ್ಪ ಒಳಗೆ ಬಂದ. ಹೊಳೆಯ ದಂಡೆಯಲ್ಲಿ ಬಂಡಿ ಹೂತು ಅರ್ಧ ದಿನ ಹೋಯಿತಂತೆ. ತಮ್ಮನ ಪಕ್ಕದಿಂದಲೇ ದಾಟಿ ಹೋದ, ಅವನ ಮುಖ ನೋಡಲಿಲ್ಲ. ಕಂಬಳಿಯ ಮೇಲೆ ಕುಳಿತು ಎಲ್ಲರಿಗೂ ಶರಣು ಎಂದ.

“ಇಂವ ನಿಮ್ಮವನೇನು?” ಎಂದು ಶಿವಣ್ಣ ಕೇಳಿದರು. “ಹುಟ್ಟಿದ್ದು ನಿಮ್ಮ ಮನ್ಯಾಗ ಇರಬಹುದು. ಊರ ಮುಂದ ನೀವೇ ನಮ್ಮ ಬೆಡಗಿನವ ಅಲ್ಲ ಅಂದೀರಿ ಅಂತ ಕೇಳೇವಿ. ಇವತ್ತ ಹೌದು ಅಂದ್ರ ನಾವು ಯಾವ ಮಾತ ನಂಬಬೇಕ್ರಿ?”

ಸಿದ್ದಪ್ಪ ಮೊಳಕಾಲಿನ ಕೆಸರು ಕೆರೆದ. ಅವನು ಆಣೆ ಮಾಡುತ್ತಾನೆ, ವಂಶ ಹೇಳುತ್ತಾನೆ ಎಂದು ನಾನು ಕಾದಿದ್ದೆ.

“ಅಂದದ್ದು ಖರೆ ಅದ್ರಿ,” ಎಂದ. “ಸಿಟ್ಟಿಲೆ ಅಂದೆ. ಆ ಸಿಟ್ಟು ಇಪ್ಪತ್ತ ವರ್ಷ ಇಟ್ಕೊಂಡೇನಿ, ಇವತ್ತಿಗೂ ಅದ. ನೀವೆಲ್ಲ ತಿಳದವ್ರು, ನೀವೇ ಹೇಳ್ರಿ. ಹೊರಗಿನವನ ಮ್ಯಾಲ ಯಾರರ ಇಪ್ಪತ್ತ ವರ್ಷ ಸಿಟ್ಟ ಇಟ್ಕೋತಾರೇನ್ರಿ?”

ಮೊದಲು ಶಿವಣ್ಣನ ಮೀಸೆ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಪಡಸಾಲೆ ಗೊಳ್ಳೆಂದು ನಕ್ಕಿತು. “ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದದ! ಸಕ್ಕರಿ ತರ್ರಿಬೇ!” ಎಂದು ಶಿವಣ್ಣ ಒಳಗೆ ಕೂಗಿದರು. ಅಫಜಲಪುರದವನೂ ನಗುತ್ತಿದ್ದ, ಪಾಪ, ಒಳ್ಳೆಯ ಮನುಷ್ಯ.

ಮಲ್ಲಪ್ಪ ಒಬ್ಬನೇ ನಗಲಿಲ್ಲ. ಹೊಸ್ತಿಲು ಬಿಟ್ಟು ನಿಧಾನಕ್ಕೆ ಬಂದು ಅಣ್ಣನ ಎದುರು ನಿಂತ.

“ನನ್ನ ಸಿಟ್ಟೂ ಇನ್ನಾ ಇಳದಿಲ್ಲ, ಅಣ್ಣಾ,” ಎಂದ.

ಸಿದ್ದಪ್ಪ ಪಕ್ಕಕ್ಕೆ ಸರಿದು, ಕಂಬಳಿಯ ಮೇಲೆ ಅವನಿಗೆ ಜಾಗ ಮಾಡಿಕೊಟ್ಟ.